ಕಣ್ಣು ಮುಚ್ಚಿಕೊಂಡು ಮಾಡಿದ ಪಂಚನಾಮೆ

ಉದ್ಯಾನ ಖಾತೆಗೆ ಹೊಸದಾಗಿ ಸೇರಿದವರು ಬಸ್ಸಿನಲ್ಲಿ ಸಿಕ್ಕಾಗ ನನ್ನನ್ನು ಕೇಳುವುದು ಒಂದೇ ಮಾತು. "ಕಾಕಾ, ನಮ್ಮ ಖಾತೆದಾಗ ಅಂಥಾದ್ದೇನು ಕೆಲಸ ಇರತೈತ್ರಿ? ಗಿಡಕ್ಕ ನೀರು ಹಾಕೋದು ತಾನ?" ಗಿಡಕ್ಕೆ ನೀರು ಹಾಕುವವರು ಮಾಲಿಗಳಪ್ಪ. ಕುರ್ಚಿಯ ಮೇಲೆ ಕೂತ ನಮ್ಮ ಕೆಲಸ ಬೇರೆ. ಆ ಗಿಡದ ಕೆಳಗೆ ಯಾರಾದರೂ ಏನಾದರೂ ಮಾಡಬೇಕೆಂದು ಬಂದರೆ, ಅದು ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂದು ಹುಡುಕಿ ತೆಗೆಯುವುದು. ಮೂವತ್ತು ವರ್ಷಕ್ಕೂ ಮೇಲೆ ನಾನು ಅದನ್ನೇ ಮಾಡಿದೆ, ಮತ್ತು ಬಹಳ ಚೆನ್ನಾಗಿ ಮಾಡಿದೆ.

ನನ್ನ ಊರು ಅಕ್ಕಲಕೋಟ ತಾಲೂಕಿನಲ್ಲಿದೆ. ದಿನವೂ ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಎರಡೂ, ಕಚೇರಿಯ ಕಾಗದದಲ್ಲಿ ಬರೀ ಮರಾಠಿ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದು ನಿಮಗೆ ಉಪಯೋಗವಿಲ್ಲದ ವಿಷಯ. ಕುರ್ಚಿಗೆ ಒಂದು ಸಲ ಕೈ ಬಂತು, ಇನ್ನೊಂದು ಸಲ ಟವೆಲ್ ಬಂತು, ಅಷ್ಟೇ.

ಕೆಲಸ ಹೇಗಿತ್ತು ಎನ್ನುವುದಕ್ಕೆ ಮೊದಲು ದೋಣಿಯ ಪ್ರಕರಣ ಹೇಳುತ್ತೇನೆ. ನಮ್ಮ ಒಂದು ಉದ್ಯಾನದಲ್ಲಿ ಕೊಳ ಇತ್ತು, ಕೊಳದಲ್ಲಿ ಹಂಸದ ಆಕಾರದ ದೋಣಿ ಇತ್ತು, ದೋಣಿಗೊಬ್ಬ ನಾವಿಕ ಇದ್ದ. ಬೇಸಿಗೆಯಲ್ಲಿ ಕೊಳ ಒಣಗಿತು. ನಾವಿಕನ ಹುದ್ದೆ ಒಣಗಲಿಲ್ಲ. ತಪಾಸಣೆಯ ಪಟ್ಟಿಯಲ್ಲಿ "ನಾವಿಕನು ಜೀವರಕ್ಷಕ ಜಾಕೀಟು ಧರಿಸಿ ದೋಣಿಯಲ್ಲಿರತಕ್ಕದ್ದು" ಎಂದಿತ್ತು. ಹೀಗಾಗಿ ಅವನು ಎರಡು ಬೇಸಿಗೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಬಿರುಕು ಬಿಟ್ಟ ನೆಲದ ಮೇಲಿನ ಹಂಸದಲ್ಲಿ ಕೂತು ಪೇಪರ್ ಓದಿದ. ಒಂದು ದಿನ ಜಾಕೀಟು ಬಿಚ್ಚಿಟ್ಟಿದ್ದಕ್ಕೆ ನಾನೇ ಅವನಿಗೆ ಮೆಮೋ ಕೊಟ್ಟೆ. ಅವನು ಕೊಟ್ಟ ಉತ್ತರದಲ್ಲಿ "ಮುಳುಗುವ ಸಂಭವ ಕಡಿಮೆ ಕಂಡಿದ್ದರಿಂದ" ಎಂದು ಬರೆದಿದ್ದ. ಉತ್ತರ ಸಮಾಧಾನಕರವಾಗಿಲ್ಲ ಎಂದು ಷರಾ ಹಾಕಿದೆ. ಈಗ ನೆನಪಾದರೆ ಅವನ ಮುಂದೆ ಕೈ ಜೋಡಿಸಬೇಕೆನಿಸುತ್ತದೆ.

ಆಮೇಲೆ ಕಾಲ ಬದಲಾಯಿತು. ಹಾಜರಿ ಪುಸ್ತಕ ಹೋಗಿ ಹೆಬ್ಬೆಟ್ಟಿನ ಯಂತ್ರ ಬಂತು. ಮಣ್ಣಲ್ಲಿ ಕೆಲಸ ಮಾಡುವ ಮಾಲಿಗಳ ಬೆರಳು ಯಂತ್ರಕ್ಕೆ ಗುರುತು ಸಿಗಲಿಲ್ಲ. ಅದೂ ಹೋಗಿ ಫೋನಿನಲ್ಲಿ ಫೋಟೋ ಬಂತು. ಫೋಟೋದ ಜೊತೆ ಮಾಲಿ ನಿಂತ ಜಾಗ ನಕಾಶೆಯಲ್ಲಿ ತಾನಾಗಿ ಬೀಳಬೇಕು. ಆ ಕೊಳದ ಉದ್ಯಾನದ ಮಾಲಿ ಯಲ್ಲಪ್ಪ ದಿನವೂ ಗೇಟಿನ ಬಳಿ ನಿಂತು ಫೋಟೋ ತೆಗೆಯುತ್ತಿದ್ದ, ಫೋನು ದಿನವೂ ಅವನನ್ನು ಕೊಳದ ನಟ್ಟನಡುವೆ ತೋರಿಸುತ್ತಿತ್ತು. "ಏನಪಾ, ದಿನಾ ನೀರಾಗ ಇಳೀತಿಯಲ್ಲ," ಎಂದು ಕೇಳಿದರೆ, "ನೀರ ಎಲ್ಲಿ ಐತ್ರಿ ಸಾಹೇಬರ," ಎನ್ನುತ್ತಿದ್ದ.

ಇಂಥ ದಿನಗಳಲ್ಲೇ, ನನ್ನ ನಿವೃತ್ತಿಗೆ ಎಂಟು ತಿಂಗಳಿದ್ದಾಗ, ಮಹಾನಂದಾಬಾಯಿ ಬಂದರು. ಹೆಸರು ಬದಲಿಸಿದ್ದೇನೆ. ವಿಜಾಪುರ ರಸ್ತೆಯಲ್ಲಿ ಚಾದರ, ಟವೆಲ್ಲಿನ ದೊಡ್ಡ ಅಂಗಡಿ ಇರುವ ಕೂಡು ಕುಟುಂಬದ ಕಿರಿಯ ಸೊಸೆ. ವಯಸ್ಸು ಐವತ್ತು ದಾಟಿತ್ತು. ತಲೆಯ ಮೇಲೆ ಸೆರಗು, ಕೈಯಲ್ಲಿ ದೊಡ್ಡ ಫೋನು.

"ಸಾಹೇಬರ, ನಿಮ್ಮ ಕೊಳದ ಉದ್ಯಾನದಾಗ ಒಂದು ಡಬ್ಬಿ ಅಡಗಿಸಬೇಕಾಗೈತ್ರಿ. ಪರವಾನಗಿ ಬೇಕು."

"ಡಬ್ಬಿಯೊಳಗ ಏನೈತ್ರಿ?"

"ಒಂದು ಸಣ್ಣ ಬುಕ್ಕು, ಒಂದು ಪೆನ್ಸಿಲ್ಲು."

"ಮತ್ತ ಅಡಗಿಸೋದು ಯಾಕ?"

"ಹುಡುಕಲಿ ಅಂತ್ರಿ."

ಅವರು ಸಮಾಧಾನದಿಂದ ವಿವರಿಸಿದರು. ಇದು ಜಿಯೋಕ್ಯಾಶಿಂಗ್ ಎಂಬ ಆಟ. ಒಬ್ಬರು ಎಲ್ಲೋ ಡಬ್ಬಿ ಅಡಗಿಸಿ ಅದರ ಜಾಗವನ್ನು ಫೋನಿನ ನಕಾಶೆಯಲ್ಲಿ ಹಾಕುತ್ತಾರೆ. ಇನ್ನೊಬ್ಬರು ಅದನ್ನು ನೋಡಿಕೊಂಡು ಹೋಗಿ ಹುಡುಕಬೇಕು. ಸಿಕ್ಕರೆ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿ ಇದ್ದಲ್ಲೇ ಇಟ್ಟು ಬರಬೇಕು. ಸಾರ್ವಜನಿಕ ಜಾಗವಾದರೆ ಜಾಗದವರ ಅನುಮತಿ ಪಡೆಯಬೇಕು ಎನ್ನುವುದು ಆಟದ್ದೇ ನಿಯಮ. ಇನಾಮು ಏನೂ ಇಲ್ಲ. ಅರ್ಜಿಯ ಜೊತೆ ಗುರುತಿಗೆ ಆಧಾರ್, ವಿಳಾಸಕ್ಕೆ ಮನೆಯ ಲೈಟ್ ಬಿಲ್ ಲಗತ್ತಿಸಿದ್ದರು. ನನಗೆ ಕೆಲಸ ಸಿಕ್ಕಿತು.

ನಮ್ಮಲ್ಲಿ ಪರವಾನಗಿಯ ತಲೆಬರಹಗಳು ಇಂತಿಷ್ಟೇ: ಯೋಗ ಶಿಬಿರ, ಪಾಣಿಪುರಿ ಗಾಡಿ, ಸಿನಿಮಾ ಶೂಟಿಂಗ್, ಬೆಂಚು ದಾನ, ಪುತ್ಥಳಿ, ಕುಡಿಯುವ ನೀರಿನ ಕಟ್ಟೆ. ಅಡಗಿಸುವುದು ಎನ್ನುವುದು ಎಲ್ಲೂ ಇಲ್ಲ. ತಲೆಬರಹವಿಲ್ಲದ ವಸ್ತು ಅಂದರೆ ಅತಿಕ್ರಮಣ ಎಂದು ತೀರ್ಮಾನಿಸಿ ಕಡತವನ್ನು ಅತಿಕ್ರಮಣ ವಿಭಾಗಕ್ಕೆ ಕಳಿಸಿದೆ. ಅಲ್ಲಿಂದ ಉತ್ತರ ಬಂತು: "ಕಣ್ಣಿಗೆ ಕಾಣುವ ವಸ್ತುವನ್ನು ಮಾತ್ರ ತೆರವುಗೊಳಿಸಲು ಸಾಧ್ಯ. ಡಬ್ಬಿಯನ್ನು ಕಾಣುವಂತೆ ಅಡಗಿಸಲು ಅರ್ಜಿದಾರರಿಗೆ ತಿಳಿಸಬೇಕು." ನಾನು ಹಾಗೆಯೇ ತಿಳಿಸಿದೆ.

ಎರಡನೇ ಸಲ, ಜಾಗದ ನಕ್ಷೆ ಇಲ್ಲ ಎಂದು ವಾಪಸ್ಸು ಮಾಡಿದೆ. ನಕ್ಷೆಯಲ್ಲಿ ಡಬ್ಬಿಯ ಜಾಗ ಗುರುತಿಸಿ ಮೂರು ಪ್ರತಿ ಕೊಡಬೇಕು. "ಮೂರು ಮಂದಿಗೆ ಹೇಳಿದ ಮ್ಯಾಗ ಅಡಗಿಸೋದು ಏನ್ ಉಳೀತ್ರಿ?" ಎಂದು ಮಹಾನಂದಾಬಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಕ್ಷೆಯನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, "ಗುಪ್ತ" ಎಂದು ಬರೆಸಿದೆ. ನಮ್ಮ ಕಚೇರಿಯಲ್ಲಿ ಗುಪ್ತ ಎಂದು ಬರೆದ ಲಕೋಟೆಯನ್ನು ಮೊದಲು ತೆರೆಯುವುದು ರೂಢಿ. ನಮ್ಮ ಮೇಲಿನ ಸಾಹೇಬರು ಅದನ್ನು ಸೋಮವಾರದ ಸಭೆಯಲ್ಲಿ ಹನ್ನೊಂದು ಜನರ ಎದುರು ಒಡೆದು, "ಹೇ ಕಾಯ ಆಹೇ? ಏನಿದು?" ಎಂದು ನನ್ನನ್ನು ನೋಡಿ, ಮೂರನೇ ಬೇವಿನ ಮರದ ಬುಡ ಎಂದು ಗಟ್ಟಿಯಾಗಿ ಓದಿದರು.

ಆ ಜಾಗ ರದ್ದಾಯಿತು. ಹೊಸ ಜಾಗಕ್ಕೆ ಹೊಸ ಅರ್ಜಿ. ಸಾಹೇಬರಿಗೆ ಇನ್ನೊಂದು ಸಂಶಯ ಇತ್ತು. "ನಮ್ಮ ಫೋನು ಇಷ್ಟು ದೊಡ್ಡ ಯಲ್ಲಪ್ಪನನ್ನೇ ಕೊಳದಲ್ಲಿ ತೋರಿಸುತ್ತದೆ, ಅಂಗೈಯಷ್ಟು ಡಬ್ಬಿಯನ್ನು ಎಲ್ಲಿ ತೋರಿಸೀತು?" ಎಂದರು. ಈ ಸಂಶಯವನ್ನೇ ಷರಾ ಮಾಡಿ ಅರ್ಜಿಯನ್ನು ಮೂರನೇ ಸಲ ವಾಪಸ್ಸು ಕಳಿಸಿದೆ. ನಿಜ ಹೇಳಬೇಕೆಂದರೆ ನನಗೆ ಇದರಲ್ಲಿ ಖುಷಿ ಇತ್ತು. ಒಳ್ಳೆಯ ತಕರಾರು ಹೊಳೆದ ದಿನ ನಾನು ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಬ್ಬನೇ ನಗುತ್ತಿದ್ದೆ.

ಮೂರನೇ ವಾಪಸಿನ ದಿನ ಆಕೆ ಎದ್ದು ಹೋಗಲಿಲ್ಲ. ಊಟದ ಹೊತ್ತಾದರೂ ಮೊಗಸಾಲೆಯ ಬೆಂಚಿನ ಮೇಲೆ ಕೂತೇ ಇದ್ದರು. ನಾನೇ ಹೋಗಿ, "ಅಲ್ರಿ ಅಕ್ಕಾ, ಒಂದು ಡಬ್ಬಿ ಸಲುವಾಗಿ ಇಷ್ಟ್ಯಾಕ ತ್ರಾಸು ಮಾಡ್ಕೋತೀರಿ?" ಎಂದೆ.

"ಡಬ್ಬಿ ಸಲುವಾಗಿ ಅಲ್ರಿ ಸಾಹೇಬರ," ಎಂದರು. "ಲಗ್ನ ಆಗಿ ಬಂದಾಗಿಂದ ನಾ ಹೊರಗ ಬೀಳಬೇಕಂದ್ರ ಏನರೆ ಕಾರಣ ಬೇಕಾಗತಿತ್ತು. ಗುಡಿ, ದವಾಖಾನಿ, ಮಂದಿ ಲಗ್ನ. ಜೋಡಿಗೆ ಯಾರರೆ ಇರಬೇಕು. ಪುಣೇದಾಗ ಮಗಳು ಈ ಆಟ ತೋರಿಸಿದ್ಲು. ಇದರಾಗ ಹುಡುಕೋದ ಒಂದು ಕಾರಣರಿ. ಆಮ್ಯಾಗ ಇಲ್ಲಿ ಡಬ್ಬಿ ಅಡಗಿಸಾಕ ಜಾಗಾ ನೋಡತೀನಂತ ಒಬ್ಬಾಕಿನ ಕಂದಲಗಾಂವಕ್ಕ ಹೋದೆ, ಮಂಗಳವೇಢೆಗೆ ಹೋದೆ. ಅಲ್ಲಿ ಸ್ಟ್ಯಾಂಡಿನ್ಯಾಗ ನಮ್ಮ ಗಿರಾಕಿ ಒಬ್ರು ನೋಡಿ ಭಾವಾರಿಗೆ ಹೇಳಿದ್ರು."

ಭಾವನವರು ಎಂದರೆ ಗಂಡನ ಅಣ್ಣ, ಗುರುಸಿದ್ದಪ್ಪ ಶೇಟಜಿ, ಆ ಮನೆಯ ಹಿರಿಯರು. ಅವರು ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದ್ದರಂತೆ: ಇದು ಹುಚ್ಚಾಟ ಅಲ್ಲ ಅನ್ನುವುದಾದರೆ ಸರ್ಕಾರದ ಶಿಕ್ಕಾ, ಮೊಹರು ಇರುವ ಕಾಗದ ತಂದು ತೋರಿಸು. ದೀಪಾವಳಿಯೊಳಗೆ ತಂದರೆ ನಿನ್ನ ತಂಟೆಗೆ ಯಾರೂ ಬರುವುದಿಲ್ಲ. ತರದಿದ್ದರೆ ಒಬ್ಬಳೇ ಅಡ್ಡಾಡುವುದು ಬಂದ್.

"ನಿಮ್ಮ ಯಜಮಾನರು ಏನಂತಾರ?"

"ಅವರು ಅಣ್ಣನ ಮುಂದ ಬಾಯಿ ತಗಿಯಂಗಿಲ್ರಿ."

ನನಗೆ ನಾಚಿಕೆಯಾಯಿತು. ಕಚೇರಿಯಲ್ಲಿ ನಾಚಿಕೆಯಾದದ್ದು ಅದೇ ಮೊದಲು ಎಂದರೆ ನೀವು ನನ್ನ ಬಗ್ಗೆ ಏನು ತಿಳಿಯುತ್ತೀರೋ ತಿಳಿಯಿರಿ. ನಾನು ಬಸ್ಸಿನಲ್ಲಿ ನಕ್ಕ ಒಂದೊಂದು ತಕರಾರಿಗೂ ಆಕೆಯ ಮನೆಯ ಬಾಗಿಲು ಒಂದೊಂದು ಗೇಣು ಮುಚ್ಚುತ್ತಿತ್ತು. ಆವತ್ತೇ ಕಡತ ತೆಗೆದು, "ಮಂಜೂರಾತಿಗೆ ಮಂಡಿಸಿದೆ" ಎಂದು ಬರೆದೆ. ಹೊಸಬರೇ, ಈ ಎರಡು ಶಬ್ದ ಬರೆಯಲು ಯಾವ ನಿಯಮವೂ ಬೇಕಾಗಿಲ್ಲ. ಇದನ್ನು ತಿಳಿಯಲು ನನಗೆ ಇಡೀ ನೌಕರಿ ಹಿಡಿಯಿತು.

ಆದರೆ ಬಂಡಿ ಹೊರಟ ಮೇಲೂ ಹಾದಿಯಲ್ಲಿ ಕಲ್ಲುಗಳು ಇದ್ದೇ ಇದ್ದವು. ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎಂದು ಸಾಹೇಬರು ಬರೆದರು. ಗೇಟಿಗೆ ನೋಟೀಸು ಹಚ್ಚಿದೆವು: "ಈ ಉದ್ಯಾನದಲ್ಲಿ ಒಂದು ಡಬ್ಬಿಯನ್ನು ಯಾರಿಗೂ ತಿಳಿಯದಂತೆ ಅಡಗಿಸಲಾಗುವುದು, ಎಲ್ಲರೂ ತಿಳಿಯತಕ್ಕದ್ದು." ಎರಡು ಆಕ್ಷೇಪಣೆ ಬಂದವು. ಒಬ್ಬರು, ತಾವು ಕಣ್ಣು ಮುಚ್ಚಿ ಧ್ಯಾನ ಮಾಡುವಾಗ ಜನ ತಮ್ಮ ಕೆಳಗೆ ತಡಕಾಡಬಾರದು ಎಂದರು. ಇನ್ನೊಬ್ಬರು, ತಮ್ಮ ಓಣಿಯ ಉದ್ಯಾನಕ್ಕೆ ಡಬ್ಬಿ ಕೊಡದೆ ಈ ಓಣಿಗೆ ಮಾತ್ರ ಕೊಡುವುದು ಪಕ್ಷಪಾತ ಎಂದರು. ಧ್ಯಾನದವರಿಗೆ ಅವರ ಬೆಂಚಿನ ಸುತ್ತ ಅಡಗಿಸುವುದಿಲ್ಲ ಎಂದು ಬರೆದುಕೊಟ್ಟೆ. ಪಕ್ಷಪಾತದವರಿಗೆ, ನಿಮ್ಮ ಉದ್ಯಾನದಲ್ಲಿ ಈಗಾಗಲೇ ಡಬ್ಬಿ ಇಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂದು ಉತ್ತರಿಸಿದೆ. ಅವರು ಒಂದು ವಾರ ಹುಡುಕಿದರೆಂದು ಕೇಳಿದೆ.

ದೀಪಾವಳಿಗೆ ಆರು ದಿನ ಇದ್ದಾಗ ಸಾಹೇಬರ ಸಹಿ ಬಿತ್ತು. ಷರತ್ತುಗಳನ್ನು ಹೊಸದಾಗಿ ಬರೆಯುವಷ್ಟು ವ್ಯವಧಾನ ಇರಲಿಲ್ಲ. ನೀರಿನ ಕಟ್ಟೆಯ ಹಳೇ ಪರವಾನಗಿ ತೆಗೆದು, "ನೀರು" ಇದ್ದಲ್ಲಿ "ಡಬ್ಬಿ" ಎಂದು ಹಾಕಿ ಆದೇಶ ಟೈಪು ಮಾಡಿ ಶಿಕ್ಕಾ ಒತ್ತಿಸಿದೆ. ನನ್ನ ಕೈಯಾರೆ ಆಕೆಗೆ ಕೊಟ್ಟೆ. ಪೇಢೆ ತರಿಸೋಣವೇ ಎಂಬ ಹುರುಪಿನಲ್ಲಿದ್ದೆ.

ಮಹಾನಂದಾಬಾಯಿ ಓದಿದರು. ಮತ್ತೊಮ್ಮೆ ಓದಿದರು.

"ಸಾಹೇಬರ, ಇದರಾಗ ಭಾವಾರ ಹೆಸರು ಐತಲ್ರಿ."

ಕಾಗದ ಕಸಿದುಕೊಂಡು ನೋಡಿದೆ. "ಶ್ರೀ ಗುರುಸಿದ್ದಪ್ಪ ಇವರಿಗೆ ಡಬ್ಬಿ ಅಡಗಿಸಲು ಪರವಾನಗಿ ನೀಡಲಾಗಿದೆ." ಆದದ್ದಿಷ್ಟೇ. ಮೂವತ್ತು ವರ್ಷದಿಂದ ನಾನು ಪರವಾನಗಿ ಬರೆಯುವಾಗ ಹೆಸರನ್ನು ಅರ್ಜಿಯಿಂದ ತೆಗೆಯುತ್ತಿರಲಿಲ್ಲ, ವಿಳಾಸದ ಲೈಟ್ ಬಿಲ್ಲಿನಿಂದ ತೆಗೆಯುತ್ತಿದ್ದೆ. ಅರ್ಜಿಯ ಅಕ್ಷರ ಓದಲು ಬರುವುದಿಲ್ಲ, ಬಿಲ್ಲು ಅಚ್ಚಾಗಿರುತ್ತದೆ. ಬಿಲ್ಲು ಯಾವಾಗಲೂ ಮನೆಯ ಹಿರಿಯ ಗಂಡಸಿನ ಹೆಸರಲ್ಲಿರುತ್ತದೆ. ಎಷ್ಟು ಹೆಂಗಸರ ಕಾಗದವನ್ನು ಹೀಗೆ ಗಂಡಸರ ಹೆಸರಿಗೆ ಬರೆದುಕೊಟ್ಟಿದ್ದೇನೋ, ಅವರಲ್ಲಿ ಒಬ್ಬರೂ ಬಂದು ಕೇಳಿರಲಿಲ್ಲ.

"ತಿದ್ದಿಕೊಡ್ರಿ," ಎಂದರು.

"ತಿದ್ದಬೇಕಂದ್ರ ಮತ್ತ ಮೊದಲಿಂದ ಹೋಗಬೇಕ್ರಿ. ನೋಟೀಸು, ಆಕ್ಷೇಪಣೆ, ಸಹಿ. ಹೋಳಿ ತನಕ ಆಗಬಹುದು."

ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೋದರು.

ಮರುದಿನ ಗುರುಸಿದ್ದಪ್ಪ ಶೇಟಜಿ ಸ್ವತಃ ಬಂದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಅದೇ ಕಾಗದ. ಕೂರಲು ಹೇಳಿದರೂ ಕೂರಲಿಲ್ಲ.

"ಏನ್ರಿ ಇದು? ನಾ ಯಾಕ ಡಬ್ಬಿ ಅಡಗಿಸಲಿ?"

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನಗೆ ಒಂದು ವಿಷಯ ಕಂಡಿತು. ಅವರು ಶಿಕ್ಕಾಕ್ಕೆ ಬೆರಳು ತಾಗದಂತೆ ಕಾಗದವನ್ನು ತುದಿಯಲ್ಲಿ ಹಿಡಿದಿದ್ದರು. ಅಂಗಡಿ ನಡೆಸಿದ ಮನುಷ್ಯ, ಶಿಕ್ಕಾ ಇದ್ದ ಕಾಗದ ತಮ್ಮ ಹೆಸರಿಗೆ ಬಂತೆಂದರೆ ಅದರ ಹಿಂದೆ ಮತ್ತೇನು ಬರುತ್ತದೋ ಎಂಬ ಅಂಜಿಕೆ. ಬಾಯಿ ಮುಚ್ಚಿ, ಕನ್ನಡಕ ಹಾಕಿಕೊಂಡು, ಆದೇಶವನ್ನು ಮೊದಲ ಸಲ ನೋಡುವವನಂತೆ ಓದಿದೆ.

"ಆದೇಶ ಆಗಿಬಿಟ್ಟೈತ್ರಿ ಶೇಟಜಿ. ಏಳು ದಿನದಾಗ ಅಡಗಿಸಬೇಕು. ಇಲ್ಲಂದ್ರ ಯಾಕ ಅಡಗಿಸಲಿಲ್ಲ ಅಂತ ಲೇಖಿ ಖುಲಾಸೆ ಕೊಡಬೇಕಾಗತೈತಿ."

ಲಿಖಿತ ವಿವರಣೆ ಎಂದೊಡನೆ ಶೇಟಜಿ ಕುರ್ಚಿಯಲ್ಲಿ ಕೂತರು.

"ನಮ್ಮ ಮಹಾನಂದಾನ ಕಡಿಂದ ಅಡಗಿಸಿದ್ರ ನಡೀತೈತೇನ್ರಿ?"

"ಇಲ್ರಿ. ಪರವಾನಗಿದಾರರು ಸ್ವತಃ ಹಾಜರಿರಬೇಕು, ಷರತ್ತು ಎರಡು. ಪ್ರತಿ ಶನಿವಾರ ಬಂದು ನೋಡಬೇಕು, ಷರತ್ತು ಮೂರು. ಯಾವ ನಾಗರಿಕರಿಗೂ ಅಡ್ಡಿ ಮಾಡಬಾರದು, ಷರತ್ತು ನಾಲ್ಕು. ನಾಗರಿಕರು ಅಂದ್ರ ಮನಿಯವರೂ ಬಂದ್ರಲ್ರಿ."

ಎಲ್ಲವೂ ನೀರಿನ ಕಟ್ಟೆಯ ಷರತ್ತುಗಳೇ. ನಾನು ಒಂದಕ್ಷರ ಸೇರಿಸಿರಲಿಲ್ಲ.

ಶೇಟಜಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಎಲ್ಲಿ ಅಡಗಿಸಬೇಕ್ರಿ?" ಎಂದರು.

"ಅದನ್ನ ನನಗ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ."

ದೀಪಾವಳಿಯ ಮುನ್ನಾದಿನ ಬೆಳಿಗ್ಗೆ ಅವರು ಅಡಿಕೆಯ ಸ್ಟೀಲ್ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಉದ್ಯಾನಕ್ಕೆ ಬಂದರು. ಕಚೇರಿಯ ಪರವಾಗಿ ನಾನಿದ್ದೆ. ಯಾವ ವಸ್ತು ಇಟ್ಟರೂ ಇಬ್ಬರು ಪಂಚರ ಎದುರು ಪಂಚನಾಮೆ ಆಗಬೇಕು ಎನ್ನುವುದು ನಮ್ಮ ಪದ್ಧತಿ. ಯಲ್ಲಪ್ಪ ಒಬ್ಬ ಪಂಚ, ಗೇಟಿನ ಶೇಂಗಾ ಮಾರುವವನು ಇನ್ನೊಬ್ಬ. ಆದರೆ ಪಂಚರು ನೋಡಿದರೆ ಗುಟ್ಟು ಉಳಿಯುವುದಿಲ್ಲ, ನೋಡದಿದ್ದರೆ ಪಂಚನಾಮೆ ಆಗುವುದಿಲ್ಲ. ಕೊನೆಗೆ ಮೂವರೂ ಗೋಡೆಗೆ ಮುಖ ಮಾಡಿ ನಿಂತೆವು. "ಆತೇನ್ರಿ?" ಎಂದು ಯಲ್ಲಪ್ಪ ಆಗಾಗ ಕೂಗುತ್ತಿದ್ದ. "ತಡೀರಿ, ತಡೀರಿ," ಎಂದು ಶೇಟಜಿಯ ದನಿ ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಬರುತ್ತಿತ್ತು. ಮುಕ್ಕಾಲು ತಾಸಿನ ಮೇಲೆ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ಟೊಪ್ಪಿಗೆ ಓರೆಯಾಗಿ ಬಂದರು. ಮುಖದಲ್ಲಿ ಅಂಗಡಿಯಲ್ಲಿ ಎಂದೂ ಕಾಣದ ನಗೆ. ನಾನು ಬರೆದ ಪಂಚನಾಮೆ ಹೀಗಿತ್ತು: "ಸದರಿ ಡಬ್ಬಿಯನ್ನು ನಮ್ಮ ಸಮಕ್ಷಮ ಅಡಗಿಸಿದ್ದು, ಆ ಕಾಲಕ್ಕೆ ನಾವು ಕಣ್ಣು ಮುಚ್ಚಿಕೊಂಡಿದ್ದೆವು. ಏನನ್ನೂ ನೋಡಿಲ್ಲವೆಂಬುದನ್ನು ಕಣ್ಣಾರೆ ಕಂಡು ಸಹಿ ಮಾಡಿದ್ದೇವೆ." ಸಾಹೇಬರು ಅದನ್ನು ತಕರಾರಿಲ್ಲದೆ ಅಂಗೀಕರಿಸಿದರು.

ಮಹಾನಂದಾಬಾಯಿಯ ಪುಣೆಯ ಮಗಳು ದೊಡ್ಡಪ್ಪನ ಫೋನಿನಿಂದ ಜಾಗ ಪಡೆದು ಆಟದ ನಕಾಶೆಯಲ್ಲಿ ಹಾಕಿದಳು. ಚುಕ್ಕೆ ಬಿದ್ದದ್ದು ಕೊಳದ ನಟ್ಟನಡುವೆ. ಅದರಿಂದಲೋ ಏನೋ, ಡಬ್ಬಿ ಯಾರಿಗೂ ಸಿಗಲಿಲ್ಲ. ಪುಣೆಯಿಂದ ಬಂದ ಇಬ್ಬರು ಕೊಳದಲ್ಲಿಳಿದು ನೋಡಿ ಹೋದರು. ವಾರ ಕಳೆದಂತೆ ಶೇಟಜಿಯ ಎದೆ ಉಬ್ಬುತ್ತಾ ಹೋಯಿತು. ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮನ ಹೆಂಡತಿಯನ್ನು, "ಸಿಕ್ತೇನವಾ?" ಎಂದು ಕೇಳುವರಂತೆ. "ಇಲ್ರಿ ಭಾವಾರ," ಎಂದು ಆಕೆ ಅನ್ನುವರಂತೆ. "ಇನ್ನೂ ಹುಡುಕು. ದೂರ ದೂರ ಹುಡುಕು. ಹಂಗ ಸಿಗೂದಲ್ಲ ಅದು." ಬೆಳಿಗ್ಗೆ ಒಂಬತ್ತಕ್ಕೆ ಹೊರಟ ಮಹಾನಂದಾಬಾಯಿ ಸಂಜೆಗೆ ಮನೆಗೆ ಬಂದರೂ ಕೇಳುವವರಿಲ್ಲ.

ಅಷ್ಟರಲ್ಲಿ ನಾನು ನಿವೃತ್ತನಾದೆ. ಹಾರ, ತೆಂಗಿನಕಾಯಿ, ಶಾಲು. ಮನೆಯಲ್ಲಿ ಕೂರಲಾಗದೆ ಶನಿವಾರದ ಬಸ್ಸು ಹಿಡಿದು ಆ ಉದ್ಯಾನಕ್ಕೆ ಬರುತ್ತಿದ್ದೆ. ಶೇಟಜಿ ತಪಾಸಣೆಗೆ ಬಂದಿರುತ್ತಿದ್ದರು. ಹತ್ತಿರ ಹೋದರೆ ಜಾಗ ಬಯಲಾದೀತೆಂದು ಡಬ್ಬಿಯನ್ನು ಅವರು ಮುಟ್ಟಿಯೂ ಇರಲಿಲ್ಲ. ದೂರದ ಬೆಂಚಿನ ಮೇಲೆ ಕೂತು ನಾಲ್ಕೂ ದಿಕ್ಕಿಗೆ ನೋಡುವರು, ಒಂದು ಕಡೆ ಮಾತ್ರ ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ. ಮೂರು ಶನಿವಾರ ಇದನ್ನು ಗಮನಿಸಿ, ಒಂದು ಮಂಗಳವಾರ ನಾನು ಆ ಕಡೆಗೇ ನಡೆದೆ. ಅಲ್ಲಿದ್ದದ್ದು ಉದ್ಯಾನದ ನಿಯಮಗಳ ಫಲಕ. ನಾನೇ ಬರೆಸಿದ್ದು, ಹದಿನೆಂಟು ನಿಯಮ, ಊರಲ್ಲಿ ಒಬ್ಬರೂ ಓದಿದವರಿಲ್ಲ. ಅದರ ಬೆನ್ನಿಗೆ, ತಗಡು ಮತ್ತು ಚೌಕಟ್ಟಿನ ಸಂದಿಯಲ್ಲಿ, ಅಡಿಕೆಯ ಡಬ್ಬಿ ತಂತಿಯಿಂದ ಕಟ್ಟಿತ್ತು.

ಆ ಮನೆಯಲ್ಲಿ ಕನ್ನಡ ಓದುವವರು ಮಹಾನಂದಾಬಾಯಿ ಒಬ್ಬರೇ, ಉಳಿದವರೆಲ್ಲ ಮರಾಠಿ ಶಾಲೆಯವರು. ಅದಕ್ಕೇ ಮುಂದಿನದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಯಾರೂ ಬರೆಯದ ಹಾಳೆ ಇರುತ್ತದೆಂದು ಪುಸ್ತಕ ತೆರೆದೆ. ಮೊದಲ ಸಾಲಿನಲ್ಲೇ ಆಕೆಯ ಹೆಸರಿತ್ತು, ಕನ್ನಡದಲ್ಲಿ, ದುಂಡಗೆ. ತಾರೀಖು ನಾವು ಗೋಡೆಗೆ ಮುಖ ಮಾಡಿ ನಿಂತ ದಿನದ್ದೇ, ಸಂಜೆ ಐದೂವರೆ. ಭಾವ ಏನನ್ನು ಎಲ್ಲಿ ಬಚ್ಚಿಡುತ್ತಾರೆಂದು ಮೂವತ್ತು ವರ್ಷ ಅದೇ ಮನೆಯಲ್ಲಿದ್ದವರಿಗೆ ಗೊತ್ತಿರುವುದಿಲ್ಲವೇ. ಕೆಳಗೆ ಮತ್ತೆ ಆಕೆಯದೇ ಹೆಸರು, ಮತ್ತೆ, ಮತ್ತೆ, ಏಳು ಪುಟ. ಪ್ರತಿ ಹೆಸರಿನ ಮುಂದೆ ಒಂದು ಊರು. ಕಂದಲಗಾಂವ, ಒಬ್ಬಾಕಿನೆ. ಮಂಗಳವೇಢೆ, ಒಬ್ಬಾಕಿನೆ. ಪಂಢರಪುರ, ಎರಡು ಬಸ್ಸು ಬದಲಿಸಿ, ಒಬ್ಬಾಕಿನೆ. ವಿಜಾಪುರ, ಮಳಿ ಬಂತು, ಒಬ್ಬಾಕಿನೆ.

ನನ್ನ ಹೆಸರು ಬರೆಯಲು ಮನಸ್ಸಾಗಲಿಲ್ಲ. ಡಬ್ಬಿಯನ್ನು ಇದ್ದ ಹಾಗೆಯೇ ಕಟ್ಟಿಟ್ಟೆ.

ಮುಂದಿನ ಶನಿವಾರ ಬೆಂಚಿನ ಮೇಲೆ ಶೇಟಜಿ ನನಗೆ ಜಾಗ ಮಾಡಿಕೊಟ್ಟು, "ನೀವೂ ಹುಡುಕಾಕತ್ತೀರಿ ಅಂತ ಕೇಳಿದೆ. ಸಿಕ್ತೇನ್ರಿ?" ಎಂದರು.

"ಇಲ್ರಿ ಶೇಟಜಿ."

ಅವರು ತೊಡೆ ತಟ್ಟಿ ನಕ್ಕರು. "ನಮ್ಮ ಮಹಾನಂದಾಗೂ ಇನ್ನೂ ಸಿಕ್ಕಿಲ್ರಿ. ಅಕ್ಕಲಕೋಟ ಕಡೆ ಏನರೆ ಸುಳಿವು ಸಿಗತೈತೇನು ನೋಡತೀನಿ ಅಂದ್ಲು. ಈಗ ನಾನ ಬಸ್ ಹತ್ತಿಸಿ ಬಂದೆ."